ಅಂಗೈಯಗಲದ ಜಾಗದಲ್ಲಿ ಒಂದು ಮಣಿಸರ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಮುಂದಿನ ತಿಂಗಳು ಅತ್ತೆಯವರ ಜೊತೆ ಕಾಶಿಗೆ ಹೊರಟಿದ್ದೇನೆ. ಹೋಗಿಬರುವಷ್ಟರಲ್ಲಿ ಮೂರ್ನಾಲ್ಕು ದಿನ ರೈಲಿನಲ್ಲೇ ಕಳೆಯುತ್ತದೆ. ಮಣಿಸರ ಮಾಡುವ ಅಭ್ಯಾಸ ನನಗಿದೆ. ಆದರೆ ಮನೆಯಲ್ಲಿರುವ ಸಾಮಾನು ಒಂದು ಟ್ರಂಕಿನಷ್ಟು, ಬ್ಯಾಗಿನಲ್ಲಿ ಉಳಿದಿರುವುದು ಅಂಗೈಯಗಲದ ಜಾಗ. ಏನು ಒಯ್ಯಲಿ, ಏನು ಬಿಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಕ್ಕಳ, ತಂತಿ, ಕೊಕ್ಕೆಗಳನ್ನೆಲ್ಲ ಮನೆಯಲ್ಲೇ ಬಿಡಿ. ಬಣ್ಣಗಳ ಆಸೆಯನ್ನೂ ಬಿಡಬೇಕು, ಅದೇ ಕಷ್ಟ. ವರ್ಷಗಳ ಹಿಂದೆ ದೆಹಲಿಗೆ ಹೋಗುವಾಗ ಏಳು ಬಣ್ಣದ ಮಣಿಗಳನ್ನು ಖಾನೆಗಳಿದ್ದ ಡಬ್ಬಿಯಲ್ಲಿ ಒಯ್ದಿದ್ದೆ. ರೈಲು ಬ್ರೇಕ್ ಹಾಕಿದ್ದೇ ತಡ, ಡಬ್ಬಿ ಮಗುಚಿ ಮಣಿಗಳು ಬೋಗಿಯ ಉದ್ದಕ್ಕೂ ಉರುಳಿದವು. ಎದುರು ಸೀಟಿನ ಅಜ್ಜಿ ಕೆಳಗೆ ಕೂತು ಅರ್ಧ ಗಂಟೆ ಆರಿಸಿಕೊಟ್ಟರು. ಅವರ ಮೊಣಕಾಲು ನೋಯುತ್ತಿದ್ದುದು ನನಗೆ ಇಂದಿಗೂ ನೆನಪಿದೆ.

ಅಂದಿನಿಂದ ನನ್ನ ಕೈಚೀಲದಲ್ಲಿ ಇರುವುದು ಇಷ್ಟೇ: ಹೋಮಿಯೋಪಥಿ ಮಾತ್ರೆಯ ಎರಡು ಖಾಲಿ ಶೀಸೆಗಳಲ್ಲಿ ಎರಡು ಬಣ್ಣದ ಮಣಿ, ಒಂದು ಉಂಡೆ ನೈಲಾನ್ ದಾರ, ಎರಡು ತೆಳು ಸೂಜಿ, ನೇಲ್ ಕಟರ್, ಚೂರು ಜೇನುಮೇಣ, ಹಳೆಯ ಟರ್ಕಿ ಟವೆಲ್ಲಿನ ತುಂಡು. ಟವೆಲ್ಲನ್ನು ತೊಡೆಯ ಮೇಲೆ ಹಾಸಿ ಒಂದು ಚಿಟಿಕೆ ಮಣಿ ಸುರಿದುಕೊಳ್ಳಿ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಮಣಿ ರೈಲು ಎಷ್ಟು ಅಲುಗಾಡಿದರೂ ಉರುಳುವುದಿಲ್ಲ. ಸೂಜಿಯ ಮೊನೆಯಿಂದಲೇ ಒಂದೊಂದನ್ನು ಎತ್ತಿಕೊಳ್ಳಬಹುದು.

ಅಂಗಡಿಯಲ್ಲಿ 11ನೇ ನಂಬರಿನ ಮಣಿ ಕೇಳಿ. ಅಡ್ಡಳತೆ ಸುಮಾರು 2 ಮಿ.ಮೀ. 10 ಗ್ರಾಂ ಕೊಂಡರೆ ಹೆಚ್ಚುಕಡಿಮೆ ಸಾವಿರ ಮಣಿ ಬರುತ್ತದೆ, ಎರಡು ಸರಕ್ಕೆ ಧಾರಾಳ. ನಂಬರು ಇಳಿದಷ್ಟೂ ಮಣಿ ದಪ್ಪ. ಓಡುವ ರೈಲಿನಲ್ಲಿ ಕಣ್ಣು ಸೋಲುತ್ತದೆ ಎನ್ನುವುದಾದರೆ 8ನೇ ನಂಬರು ಒಳ್ಳೆಯದು. ಅಳತೆಪಟ್ಟಿಯೂ ಬೇಡ. ಕೊರಳಿಗೆ ಒಂದು ಮೊಳ, ಅಂದರೆ ಸುಮಾರು 18 ಇಂಚು ಸಾಕು. ದಾರ ಕತ್ತರಿಸುವಾಗ ಮಾತ್ರ ಎರಡು ಮೊಳ ತೆಗೆದುಕೊಳ್ಳಿ, ಗಂಟು ಹಾಕಲು ಕೈಗೆ ಸಿಗಬೇಕಲ್ಲ.

ಕೊಕ್ಕೆಯಿಲ್ಲದೆ ಸರ ಮುಗಿಸುವುದು ಹೇಗೆ ಎಂಬುದೇ ನಿಮ್ಮ ಚಿಂತೆಯಾಗಿದ್ದರೆ, ಕುಣಿಕೆ ಮತ್ತು ಗುಂಡಿ ಮಾಡಿ. ಒಂದು ತುದಿಗೆ 8 ಮಿ.ಮೀ.ನ ದಪ್ಪ ಮಣಿ ಕಟ್ಟಿ, ಅಂಗಿಯ ಹಳೆಯ ಗುಂಡಿಯಾದರೂ ಸರಿ. ಇನ್ನೊಂದು ತುದಿಯಲ್ಲಿ ಸಣ್ಣ ಮಣಿ ಇಪ್ಪತ್ತರಷ್ಟು ಪೋಣಿಸಿ, ಸೂಜಿಯನ್ನು ಸರದ ಕೊನೆಯ ಮಣಿಯೊಳಗೆ ವಾಪಸು ತೂರಿಸಿ ಎಳೆಯಿರಿ. ಮಣಿಗಳ ಪುಟ್ಟ ಬಳೆಯೊಂದು ಮೂಡುತ್ತದೆ. ಗಂಟು ಹಾಕುವ ಮೊದಲು ಗುಂಡಿಯನ್ನು ಅದರಲ್ಲಿ ದಾಟಿಸಿ ನೋಡಿ. ಸಲೀಸಾಗಿ ಜಾರಿತೆಂದರೆ ಎರಡು ಮಣಿ ತೆಗೆಯಿರಿ. ಬೆರಳಿನಿಂದ ತುಸು ಒತ್ತಿದಾಗಲೇ ದಾಟಬೇಕು. ಆಮೇಲೆ ಉಳಿದ ದಾರವನ್ನು ಸರದೊಳಗೇ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಒಯ್ಯುತ್ತ, ನಡುನಡುವೆ ಮೂರು ಗಂಟು ಹಾಕಿ ತುದಿ ಕತ್ತರಿಸಿ. ಕೊಕ್ಕೆಗಿಂತ ಇದೇ ನನಗೆ ಇಷ್ಟ. ಕುತ್ತಿಗೆಗೆ ಚುಚ್ಚುವುದಿಲ್ಲ, ಬೆವರಿಗೆ ಕಪ್ಪಾಗುವುದಿಲ್ಲ.

ಇನ್ನೊಂದು ಮಾತು. ಒಂದು ಶೀಸೆಯನ್ನು ಅರ್ಧ ಖಾಲಿ ಇಟ್ಟುಕೊಂಡೇ ಹೊರಡಿ. ನೀವು ಹೋಗುತ್ತಿರುವುದು ಗಾಜಿನ ಮಣಿಗೆ ಹೆಸರಾದ ಊರಿಗೆ. ಅಲ್ಲಿ ಗಾಜಿನ ಕಡ್ಡಿಯನ್ನು ಉರಿಯಲ್ಲಿ ಕರಗಿಸಿ, ಲೋಹದ ಕಡ್ಡಿಗೆ ಸುತ್ತಿ ಒಂದೊಂದೇ ಮಣಿ ಮಾಡುತ್ತಾರೆ. ಮಣಿ ಕಡ್ಡಿಗೆ ಅಂಟಿಕೊಳ್ಳದಿರಲೆಂದು ಮೊದಲೇ ಬಳಿದ ಮಣ್ಣು ತೂತಿನೊಳಗೆ ಪುಡಿಯಾಗಿ ಉಳಿದಿರುತ್ತದೆ. ಸೂಜಿಯಿಂದ ಕೆರೆದು, ತೊಳೆದು ಪೋಣಿಸಿ. ತೂತಿನ ಅಂಚು ಹರಿತವಾಗಿದ್ದರೆ ದಾರವನ್ನು ದಿನದಿನಕ್ಕೂ ಕೊಯ್ಯುತ್ತದೆ. ಅಂಥ ಮಣಿಯ ಎರಡೂ ಪಕ್ಕಕ್ಕೆ ಸಣ್ಣ ಮಣಿಯೊಂದನ್ನು ಕಾವಲಿಗೆ ಇಡಿ.

ಪ್ರಶ್ನೆ: ತಂಗೂಸಿಯಲ್ಲಿ (ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ಎಳೆಯಲ್ಲಿ) ಪೋಣಿಸಿದ ಬಳೆಸರದ ಗಂಟು ಪ್ರಯಾಣದಲ್ಲೇ ಬಿಚ್ಚಿಕೊಂಡಿತು. ಅಂಟು ಹಾಕಬೇಕಿತ್ತೇ?
– ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ತಂಗೂಸಿ ನುಣುಪು, ಗಂಟನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಗಂಟಿನ ಮೊದಲ ಸುತ್ತಿನಲ್ಲಿ ಒಂದು ಬಾರಿ ಹೊರಳಿಸುವ ಬದಲು ಎರಡು ಬಾರಿ ಹೊರಳಿಸಿ ಬಿಗಿಯಿರಿ. ಅದರ ಮೇಲೆ ಮಾಮೂಲಿ ಗಂಟು ಹಾಕಿ. ಕೊನೆಗೆ ಒಂದು ಹನಿ ನೇಲ್ ಪಾಲಿಶ್ ಇಟ್ಟು, ಒಣಗಿದ ಮೇಲೆ ಗಂಟನ್ನು ಪಕ್ಕದ ಮಣಿಯೊಳಗೆ ಎಳೆದು ಅಡಗಿಸಿ. ಹುರಿ ಹಾಕಿದ ನೈಲಾನ್ ದಾರಕ್ಕೆ ಜೇನುಮೇಣ ಸವರಿ ಬಳಸಿದರೆ ಈ ತಾಪತ್ರಯವೇ ಇರುವುದಿಲ್ಲ. ಸೂಜಿ ಕಳೆದುಹೋದಾಗ ದಾರದ ತುದಿಯನ್ನೇ ಅದೇ ಪಾಲಿಶಿನಲ್ಲಿ ಅದ್ದಿ ಒಣಗಿಸಿ, ಓರೆಯಾಗಿ ಕತ್ತರಿಸಿ ಪೋಣಿಸಿದ್ದೇನೆ.

ಪ್ರಶ್ನೆ: ಚಾರಣಕ್ಕೆ ಹೋದಾಗ ಗುಲಗಂಜಿ ಆರಿಸಿಕೊಂಡು ಬಂದಿದ್ದೇನೆ. ತೂತು ಕೊರೆದು ಮಗಳಿಗೆ ಸರ ಮಾಡಲೇ?
– ಗೃಹಿಣಿ, ಕೊಪ್ಪ

ಉತ್ತರ: ದಯವಿಟ್ಟು ಬೇಡ. ಗುಲಗಂಜಿಯ ತಿರುಳಿನಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಅದನ್ನು ತಡೆದಿರುವುದು ಗಟ್ಟಿ ಸಿಪ್ಪೆಯೊಂದೇ, ನೀವು ಕೊರೆಯುವುದು ಆ ಸಿಪ್ಪೆಯನ್ನೇ. ಕೊರೆವಾಗ ಏಳುವ ಪುಡಿ ನಿಮ್ಮ ಮೂಗಿಗೆ, ಕೈಗೆ ಬರುತ್ತದೆ. ಸರ ಕಚ್ಚುವ ಮಗುವಿಗೆ ಇನ್ನೂ ಅಪಾಯ. ಹಿಂದೆ ಚಿನ್ನ ತೂಗಲು ಗುಲಗಂಜಿ ಬಳಸುತ್ತಿದ್ದರು, ಇಡಿಯಾಗಿ. ಮಗಳಿಗೆ ಆ ಬಣ್ಣವೇ ಇಷ್ಟವಾದರೆ ಮೂರು ಕೆಂಪು, ಒಂದು ಕಪ್ಪು, ಹೀಗೆ ಗಾಜಿನ ಮಣಿ ಪೋಣಿಸಿ ಕೊಡಿ. ತಂದಿರುವ ಗುಲಗಂಜಿಯನ್ನು ಇಂದೇ ಅವಳ ಕೈಗೆಟುಕದ ಕಡೆ ತೆಗೆದಿಡಿ.