ತೋಳ-ನಾಯಿ ಮಿಶ್ರತಳಿಯನ್ನು ಮನೆಯಲ್ಲಿ ಸಾಕಬಹುದಾ?

ಮೊದಲ ಸಲ ನಾಯಿ ಸಾಕುವವರಾದರೆ ಖಂಡಿತ ಬೇಡ. ಮರಿಯಾಗಿದ್ದಾಗ ಬೇರೆ ನಾಯಿಮರಿಗಳಷ್ಟೇ ಮುದ್ದಾಗಿರುತ್ತದೆ, ಕಷ್ಟ ಶುರುವಾಗುವುದು 1ರಿಂದ 3 ವರ್ಷದೊಳಗೆ ಬಲಿಯುವಾಗ. ಆಗ ತಟ್ಟೆಯ ಹತ್ತಿರ ಕೈ ತಂದರೆ ಗುರ್ ಅನ್ನಬಹುದು, ಓಡುವ ಬೆಕ್ಕನ್ನೋ ಚಿಕ್ಕ ಮಗುವನ್ನೋ ಬೇಟೆ ಅಂದುಕೊಳ್ಳಬಹುದು. ಒಂಟಿಯಾಗಿ ಬಿಟ್ಟು ಹೋದರೆ ಸೋಫಾ ಹರಿದು, ಬಾಗಿಲ ಚೌಕಟ್ಟು ಕೆರೆದು ಹಾಕುತ್ತದೆ. ಹಟಕ್ಕಲ್ಲ, ಗುಂಪಿನಲ್ಲಿ ಬದುಕುವ ಪ್ರಾಣಿ ಅಲ್ವಾ, ಪಾಪ, ಒಂಟಿತನ ತಡೆಯುವುದಿಲ್ಲ. ಎತ್ತರದ ಬೇಲಿಯೊಂದೇ ಸಾಲದು, ಬುಡ ತೋಡಿ ನುಸುಳದ ಹಾಗೆ ಮಣ್ಣಿನೊಳಗೂ ಜಾಲರಿ ಹೂಳಬೇಕು. ತೋಳದ ಅಂಶ ಕಡಿಮೆ ಇದ್ದರೆ ಸ್ವಲ್ಪ ಸುಲಭ ನಿಜ, ಆದರೆ ಮಾರುವವರು ಹೇಳುವ ಶೇಕಡಾ ಲೆಕ್ಕ ಸುಮ್ನೆ ನಂಬಬೇಡಿ. ಕಾನೂನನ್ನೂ ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ಇವಕ್ಕೆಂದು ಅನುಮೋದನೆ ಪಡೆದ ರೇಬೀಸ್ ಲಸಿಕೆಯೇ ಇಲ್ಲ, ಹಾಗಾಗಿ ಯಾರನ್ನಾದರೂ ಕಚ್ಚಿದರೆ ಲಸಿಕೆ ಹಾಕಿಸಿದ್ದರೂ ಅದನ್ನು ಕೊಲ್ಲಿಸಬೇಕಾಗಿ ಬರಬಹುದು.