ನೀರು ಹೊತ್ತ ತೂಕ, ಉಳಿದ ಜಡತ್ವ

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “ದ್ರವ್ಯರಾಶಿಯು ಜಡತ್ವದ ಅಳತೆ ಎಂದು ಮಗಳ ಒಂಬತ್ತನೇ ತರಗತಿಯ ಪಾಠದಲ್ಲಿದೆ. ಭಾರದ ವಸ್ತುವನ್ನು ನೂಕುವುದು ಕಷ್ಟ, ಅದಕ್ಕೆ ತೂಕವೇ ಕಾರಣ ಎಂದರೆ ಸಾಲದೆ? ವ್ಯಾಖ್ಯೆ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ ಎಂದು ಶಾಲೆಯಲ್ಲೂ ಹೇಳುತ್ತಾರೆ.”

ಸಂಪಾದಕರ ಉತ್ತರ:

ಮಾನ್ಯರೇ, ಪರೀಕ್ಷೆಗೆ ಕೂರುವ ಮಗುವಿಗೆ ಅಂಕ ಬೇಕು, ಒಪ್ಪಿದೆ. ಆದರೆ ತೂಕವೇ ಕಾರಣ ಎಂಬ ಮಾತನ್ನು ನಿಮ್ಮಂತಹ ಆಸಕ್ತ ತಂದೆ ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬಾರದಿತ್ತು.

ಸೇತುವೆ ಆಗುವ ಮೊದಲು ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಲಾಂಚಿನಲ್ಲಿ ದಾಟಿದ್ದರೆ ನೆನಪಿಸಿಕೊಳ್ಳಿ. ಬಸ್ಸು, ಜೀಪು, ಜನ ಎಲ್ಲರನ್ನೂ ಹೊತ್ತ ಲಾಂಚಿನ ತೂಕವನ್ನು ನೀರೇ ಪೂರ್ತಿಯಾಗಿ ಆತುಕೊಂಡಿರುತ್ತಿತ್ತು. ಆದರೂ ಇಂಜಿನ್ ಎಷ್ಟೇ ಮೊರೆದರೂ ಅದು ನಿಧಾನವಾಗಿಯೇ ವೇಗ ಕೂಡಿಸಿಕೊಳ್ಳುತ್ತಿತ್ತು. ದಡ ಇನ್ನೂ ದೂರವಿರುವಾಗಲೇ ಇಂಜಿನ್ ಇಳಿಸಿದರೂ, ನೀರಿನ ತಡೆ ಹಿಡಿದು ನಿಲ್ಲಿಸುವವರೆಗೆ ಮುಂದಕ್ಕೆ ಸರಿಯುತ್ತಲೇ ಇರುತ್ತಿತ್ತು. ಎತ್ತುವ ಕಷ್ಟ ತೂಕದ್ದು. ವೇಗವನ್ನು ಬದಲಿಸುವ ಕಷ್ಟ ಜಡತ್ವದ್ದು. ಆ ಜಡತ್ವದ ಅಳತೆಯೇ ದ್ರವ್ಯರಾಶಿ; ಅದು ಇಮ್ಮಡಿಯಾದರೆ ಅದೇ ಬಲದಿಂದ ದೊರೆಯುವ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅರ್ಧಕ್ಕಿಳಿಯುತ್ತದೆ. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವೇ ಅನುಭವಕ್ಕೆ ಬಾರದೆ ತಕ್ಕಡಿ ನಿರುಪಯೋಗಿಯಾದ್ದರಿಂದ, ಗಗನಯಾತ್ರಿಯನ್ನು ಸ್ಪ್ರಿಂಗಿಗೆ ಜೋಡಿಸಿದ ಆಸನದಲ್ಲಿ ಕೂರಿಸಿ, ಅದು ಹಿಂದೆ ಮುಂದೆ ತೂಗಾಡಲು ಹಿಡಿಯುವ ಕಾಲದಿಂದಲೇ ಅವರ ದ್ರವ್ಯರಾಶಿಯನ್ನು ಲೆಕ್ಕ ಹಾಕಿದರು.

ಹಾಗೆಂದು ನಿಮ್ಮ ಗೊಂದಲ ದಡ್ಡತನವೇನಲ್ಲ. ತೂಕವೂ ಜಡತ್ವವೂ ಒಂದೇ ಪ್ರಮಾಣದಲ್ಲಿ ಏರುವುದು ನಿಸರ್ಗದ ದೊಡ್ಡ ಸೋಜಿಗ. ಇದನ್ನು ಪರೀಕ್ಷಿಸದೆ ನ್ಯೂಟನ್ ಕೂಡ ನಂಬಲಿಲ್ಲ. ಒಂದೇ ಬಗೆಯ ಎರಡು ಮರದ ಪೆಟ್ಟಿಗೆಗಳನ್ನು 11 ಅಡಿ ದಾರಗಳಲ್ಲಿ ತೂಗುಹಾಕಿ, ಒಂದರಲ್ಲಿ ಮರವನ್ನೂ ಇನ್ನೊಂದರಲ್ಲಿ ಅಷ್ಟೇ ತೂಕದ ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿಗಳನ್ನು ಒಂದಾದ ಮೇಲೊಂದರಂತೆ ತುಂಬಿ ನೋಡಿದರು. ಪೆಟ್ಟಿಗೆಯನ್ನು ಕೆಳಗೆಳೆಯುವುದು ತೂಕ, ಅದರ ವೇಗ ಬದಲಾಗದಂತೆ ತಡೆಯುವುದು ಜಡತ್ವ; ಇವೆರಡರ ಪ್ರಮಾಣ ವಸ್ತುವಿನಿಂದ ವಸ್ತುವಿಗೆ ಬೇರೆಯಾಗಿದ್ದರೆ ಒಂದು ಪೆಟ್ಟಿಗೆ ಹಿಂದೆ ಬೀಳುತ್ತಿತ್ತು. ಆದರೆ ಪೆಟ್ಟಿಗೆಗಳು ಬಹಳ ಹೊತ್ತು ಜೊತೆಜೊತೆಯಾಗಿಯೇ ತೂಗಾಡಿದವು. ಸಾವಿರದಲ್ಲೊಂದು ಪಾಲು ವ್ಯತ್ಯಾಸವಿದ್ದಿದ್ದರೂ ಗೊತ್ತಾಗುತ್ತಿತ್ತು ಎಂದು 1687ರ ತಮ್ಮ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಬರೆದಿದ್ದಾರೆ.

ದಾರ ಮತ್ತು ಗೋಧಿಯಿಂದ ಆದ ಕೆಲಸವಿದು! ನಮ್ಮಲ್ಲಿ ಪ್ರಯೋಗದ ಬೀರುವಿಗೆ ಬೀಗ, ಪ್ರಶ್ನೋತ್ತರ ಪುಸ್ತಿಕೆಗೆ ಮಾತ್ರ ಬಿಡುವಿಲ್ಲದ ಓಡಾಟ. ಲಾಂಚು ಕಂಡ, ಮರದ ದಿಮ್ಮಿ ನೂಕಿದ ಮಲೆನಾಡಿನ ಮಗುವಿನ ಕೈಗೆ ಗೊತ್ತಿರುವುದನ್ನು ಕೇಳದೆಯೇ ವ್ಯಾಖ್ಯೆ ಬರೆಸುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನಿಮ್ಮ ಮನೆಯ ಜಂತಿಗೆ ಸಮಾನ ಉದ್ದದ ಎರಡು ದಾರ ಕಟ್ಟಿ, ಒಂದೇ ಅಳತೆಯ ಡಬ್ಬಿಗಳಲ್ಲಿ ಸಮತೂಕದ ಅಡಿಕೆ ಮತ್ತು ಮರಳು ತುಂಬಿ, ಮಗಳ ಕೈಯಿಂದಲೇ ಒಟ್ಟಿಗೆ ಬಿಡಿಸಿ. ದಾರ ಆದಷ್ಟು ಉದ್ದವಾಗಿರಲಿ. ಅವಳು ಕಂಡದ್ದನ್ನು ಬರೆದು ಕಳಿಸಿದರೆ ಈ ಪುಟದಲ್ಲೇ ಪ್ರಕಟಿಸುತ್ತೇನೆ.