ಬಳ್ಳಿ ತುಂಬಾ ಹೂವು, ಕಾಯಿ ಮಾತ್ರ ಕಚ್ಚುತ್ತಿಲ್ಲ

ಪ್ರಶ್ನೆ: ನಾವು ತಿಪಟೂರು ಕಡೆಯವರು. 3 ವರ್ಷದ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆವು. ಒಂದೂವರೆ ಎಕರೆ ತೆಂಗಿನ ತೋಟ, 2 ಹಸು, ಒಂದಷ್ಟು ನಾಟಿ ಕೋಳಿ ಇವೆ. ಮನೆ ಹಿಂದೆ ಅರ್ಧ ಗುಂಟೆಯಲ್ಲಿ ಮನೆಗಾಗುವಷ್ಟು ತರಕಾರಿ. ಸಂಕ್ರಾಂತಿ ಕಳೆದು 15 ದಿನಕ್ಕೆ ಸಿಹಿಗುಂಬಳ, ಹೀರೆ, ಸೋರೆ ಬೀಜ ಹಾಕಿದೆವು. ಯುಗಾದಿ ಹೊತ್ತಿಗೆ ಬಳ್ಳಿ ತುಂಬಾ ಹೂವು. ಆದರೆ ಕಾಯಿ ಕಚ್ಚುತ್ತಿಲ್ಲ. ಬಂದ ಒಂದೆರಡು ಹೀಚೂ ಹಳದಿಯಾಗಿ ಉದುರುತ್ತಿವೆ. ಗೊಬ್ಬರ ಸಾಲಲಿಲ್ಲ ಅಂತ ಅತ್ತೆಯವರು ವಾರಕ್ಕೊಮ್ಮೆ ಸಗಣಿ ನೀರು ಹಾಕುತ್ತಿದ್ದಾರೆ. ಮಧ್ಯಾಹ್ನ ಎಲೆ ಬಾಡುತ್ತದೆ ಅಂತ ನಾನು ಆಗಲೂ ನೀರು ಬಿಡುತ್ತೇನೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಬಳ್ಳಿ ಚೆನ್ನಾಗಿಯೇ ಇದೆ. ಅದಕ್ಕೆ ಹೊಟ್ಟೆಗೆ ಕಡಿಮೆಯಾಗಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ.

ನಾಳೆ ಬೆಳಗ್ಗೆ ಹೋಗಿ ಹೂವಿನ ಕೆಳಗೆ ನೋಡಿ. ಕೆಲವು ಹೂವಿಗೆ ಬರೀ ತೊಟ್ಟು ಇರುತ್ತದೆ. ಅವು ಗಂಡು. ಕೆಲವಕ್ಕೆ ಹೂವಿನ ಬುಡದಲ್ಲೇ ಪುಟ್ಟ ಕಾಯಿ ಕೂತಿರುತ್ತದೆ. ಅವು ಹೆಣ್ಣು. ಸಾಮಾನ್ಯವಾಗಿ ಬಳ್ಳಿ ಮೊದಲು ಬಿಡುವುದು ಗಂಡು ಹೂವನ್ನೇ. ಹಗಲು ಉದ್ದವಾಗಿ ಬಿಸಿಲು ಏರಿದಷ್ಟೂ ಗಂಡು ಹೂ ಹೆಚ್ಚಾಗುತ್ತದೆ. ಸಗಣಿ ನೀರಿನಂಥ ಸಾರಜನಕದ ಗೊಬ್ಬರ ಮತ್ತೆ ಮತ್ತೆ ಹಾಕಿದರೆ ಬಳ್ಳಿ ಎಲೆ ಬಿಡುವುದರಲ್ಲೇ ಮೈಮರೆಯುತ್ತದೆ. ಹಾಗಾಗಿ ಒಂದೆರಡು ವಾರ ಸಗಣಿ ನೀರು ನಿಲ್ಲಿಸಿ. ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ, ಅವರು ಹಾಕಿದ್ದರಿಂದಲೇ ಬಳ್ಳಿ ಇಷ್ಟು ಸೊಂಪಾಗಿ ಬೆಳೆದಿರುವುದು. ಈಗ ಬುಡದಿಂದ ಒಂದು ಗೇಣು ದೂರದಲ್ಲಿ ಒಂದು ಹಿಡಿ ಒಲೆ ಬೂದಿ ಹಾಕಿದರೆ ಸಾಕು. ಬೂದಿಯನ್ನು ಸಗಣಿ, ಗಂಜಲದ ಜೊತೆ ಮಾತ್ರ ಬೆರೆಸಬೇಡಿ. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗಿಬಿಡುತ್ತದೆ.

ಹೀಚು ಹಳದಿಯಾಗಿ ಉದುರುತ್ತಿದೆ ಅಂದಿರಲ್ಲ, ಅದರ ಕಾರಣ ಬೇರೆ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಲುಪಿಲ್ಲ. ಇದು ಜೇನಿನ ಕೆಲಸ. ಜೇನು ಕಡಿಮೆಯಾದ ಕಡೆ ನಾವೇ ಮಾಡಬೇಕು. ಇಲ್ಲೇ ತುಂಬಾ ಜನ ಎಡವುತ್ತಾರೆ, ಯಾಕೆಂದರೆ ಎಲ್ಲ ಬಳ್ಳಿಯ ಹೂವೂ ಒಂದೇ ಹೊತ್ತಿಗೆ ಅರಳುವುದಿಲ್ಲ.

ಸಿಹಿಗುಂಬಳದ ಹೂ ಅರಳುವುದು ನಸುಕಿನಲ್ಲಿ, ನೀವು ಹಾಲು ಕರೆಯಲು ಕೂರುವ ಹೊತ್ತಿಗೆ. ಬಿಸಿಲೇರಿದ ಮೇಲೆ ಮುದುಡಿಕೊಳ್ಳುತ್ತದೆ. ಮತ್ತೆ ಅರಳುವುದಿಲ್ಲ. ಹೀರೆ ಹೂ ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ. ಮೋಡ ಕವಿದ ದಿನ ನಮ್ಮಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ಬೇಲಿ ಮೇಲಿನ ಹೀರೆ ಹೂ ನೋಡಿ, ಹಸು ಹೊಡ್ಕೊಂಡು ಬಾ ಅನ್ನುತ್ತಿದ್ದರು. ಸೋರೆ, ಪಡವಲ ಕೂಡ ಸಂಜೆಯವೇ. ಅವುಗಳ ಬಿಳಿ ಹೂವಿಗೆ ಕತ್ತಲಲ್ಲಿ ಪತಂಗಗಳು ಬರುತ್ತವೆ. ಸೌತೆ, ಹಾಗಲ, ತುಪ್ಪದ ಹೀರೆ ಬೆಳಗಿನವು. ಅಂದರೆ 10 ಗಂಟೆಗೆ ಮನೆ ಕೆಲಸ ಮುಗಿಸಿ ತೋಟಕ್ಕೆ ಹೋದರೆ ಕುಂಬಳದ ಹೊತ್ತು ಮುಗಿಯುತ್ತಾ ಬಂದಿರುತ್ತದೆ. ಹೀರೆಯ ಹೊತ್ತು ಇನ್ನೂ ಬಂದಿರುವುದಿಲ್ಲ. ತರಕಾರಿ ಬಳ್ಳಿ ಬೆಳೆಸುವವರಿಗೆ ನಾನು ಮೊದಲು ಹೇಳುವುದೇ ಇದು, ಬಳ್ಳಿಯ ಹೊತ್ತಿಗೆ ನಾವು ಹೋಗಬೇಕು.

ಹೀಗೆ ಮಾಡಿ. ಹಾಲು ಕರೆದು ಮುಗಿದ ತಕ್ಷಣ ಕುಂಬಳದ ಬಳ್ಳಿ ಹತ್ತಿರ ಹೋಗಿ. ಅವತ್ತೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ. ನಡುವಿನ ಕಡ್ಡಿಯಲ್ಲಿರುವ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ 2–3 ಹೆಣ್ಣು ಹೂವಿಗೆ ಸಾಕು. ಬೆಳಗ್ಗೆ 9 ಗಂಟೆಯೊಳಗೆ ಮುಗಿಸಿ. ಹೀರೆ, ಸೋರೆಗೆ ಇದನ್ನೇ ಸಂಜೆ ಮಾಡಿ. ಪುಡಿ ಸರಿಯಾಗಿ ತಲುಪಿದ್ದರೆ 3–4 ದಿನದಲ್ಲೇ ಹೀಚು ದಪ್ಪಗಾಗುವುದು ಕಾಣುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ. ತಾವು ಮುಟ್ಟಿದ ಹೂ ಕಾಯಾಗುವುದನ್ನು ನೋಡಿದ ಮಗು ತೋಟ ಬಿಟ್ಟು ಬರುವುದಿಲ್ಲ.

ಜೇನು ಬರಲಿ ಅಂತಿದ್ದರೆ ಪಾತಿಯ ಅಂಚಿನಲ್ಲಿ ಚೆಂಡುಹೂ, ತುಳಸಿ ಹಾಕಿ. 4 ಸಬ್ಬಸಿಗೆ ಗಿಡ ಕೀಳದೆ ಹೂ ಬಿಡಲು ಬಿಡಿ. ಅಕ್ಕಪಕ್ಕದ ತೋಟದವರು ಹೂ ಅರಳಿದ ಹೊತ್ತಲ್ಲಿ ಔಷಧಿ ಹೊಡೆಯುತ್ತಿದ್ದರೆ ದಯವಿಟ್ಟು ಮಾತಾಡಿ. ಕೋಲುಜೇನು, ತುಡುವೆ ಜೇನು ಒಮ್ಮೆ ಸತ್ತುಹೋದರೆ ನಷ್ಟ ಇಬ್ಬರಿಗೂ.

ಇನ್ನೊಂದು ವಿಷಯ ನೋಡಿಕೊಳ್ಳಿ. ಉದುರಿದ ಹೀಚನ್ನು ಕೊಯ್ದು ನೋಡಿ. ಒಳಗೆ ಬಿಳಿ ಹುಳ ಇದ್ದರೆ, ಮೇಲೆ ಚುಚ್ಚಿದ ಗುರುತು, ಅಂಟು ಸೋರಿದ್ದು ಕಂಡರೆ, ಅದು ಹಣ್ಣುನೊಣ. ಅದಕ್ಕೆ ಕ್ಯೂ ಲ್ಯೂರ್ ಮೋಹಕ ಬಲೆ ಕಟ್ಟಬೇಕು. ಅಂಗಡಿಯಲ್ಲಿ ಸುಮ್ನೆ ಹಣ್ಣುನೊಣದ ಬಲೆ ಅಂದರೆ ಮಾವಿನ ನೊಣಕ್ಕೆ ಬಳಸುವ ಮೀಥೈಲ್ ಯೂಜಿನಾಲ್ ಕೊಟ್ಟುಬಿಡಬಹುದು. ಅದಕ್ಕೆ ಈ ಬಳ್ಳಿಗಳ ನೊಣ ಬೀಳುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಹೂ ಬಿಡುವ ಮೊದಲೇ ಕಟ್ಟಿದರೆ ಒಳ್ಳೆಯದು. ಈಗಿರುವ ಹೀಚಿಗೆ ಹಳೇ ಪೇಪರಿನ ಚೀಲ ತೊಡಿಸಿ. ಹುಳ ಬಿದ್ದ ಕಾಯಿಯನ್ನು ತಿಪ್ಪೆಗೆ ಎಸೆಯಬೇಡಿ. ಹುಳ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಬರುತ್ತದೆ. 2 ಅಡಿ ಆಳಕ್ಕೆ ಹೂತುಬಿಡಿ.

ಮಧ್ಯಾಹ್ನದ ನೀರು ಬೇಡ. ಅಗಲ ಎಲೆಯ ಬಳ್ಳಿ ಬಿಸಿಲಿಗೆ ಬಾಡುವುದು ಸಹಜ. ಸಂಜೆಗೆ ಚೇತರಿಸಿಕೊಂಡರೆ ಬೇರಿನಲ್ಲಿ ತೇವ ಇದೆ ಅಂತ ಅರ್ಥ. ಬೆಳಗ್ಗೆಯೂ ಬಾಡಿದ್ದರೆ ಮಾತ್ರ ಯೋಚಿಸಿ. ನೀವು ತಿಪಟೂರಿನವರು, ತೆಂಗಿನ ಸಿಪ್ಪೆಗೆ ಬರವಿಲ್ಲ. ಗುಳಿ ಭಾಗ ಕೆಳಗೆ ಬರುವಂತೆ ಬುಡದ ಸುತ್ತ ಜೋಡಿಸಿ, ಮೇಲೆ ಒಣ ಎಲೆ ಹರಡಿ. ನೀರು ಹಾಕುವ ಶ್ರಮ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ: ಇದೇ ಓದುಗರು ಕೇಳಿದ್ದಾರೆ, ಬೆಂಡೆ ಗಿಡದ ಎಲೆಯ ನರ ಹಳದಿಯಾಗುತ್ತಿದೆ, ಕಾಯಿಯೂ ಬೆಳ್ಳಗಾಗಿದೆ.

ಉತ್ತರ: ಇದು ಹಳದಿ ನಂಜು ರೋಗ. ವೈರಸ್ಸಿನಿಂದ ಬರುತ್ತದೆ, ಬಿಳಿ ನೊಣ ಹರಡುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ರೋಗ ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಟ್ಟುಬಿಡಿ. ಮುಂದಿನ ಸಲ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಹಾಕಿ. ಈ ರೋಗ ತಡೆಯಲೆಂದೇ ಕಾಡು ಬೆಂಡೆಯ ಜೊತೆ ಅಡ್ಡ ಹಾಯಿಸಿ ಮಾಡಿದ ತಳಿ ಅದು.

ಪ್ರಶ್ನೆ: ಕೋಳಿಗಳು ಪಾತಿ ಕೆದರಿ ಹರಿವೆ, ದಂಟಿನ ಮೊಳಕೆಯನ್ನೆಲ್ಲ ತಿಂದವು. ಕೋಳಿ ಮಾರಿಬಿಡೋಣವೇ?

ಉತ್ತರ: ಖಂಡಿತ ಬೇಡ. ಹಣ್ಣುನೊಣದ ಕೋಶ ಮಣ್ಣಿನಲ್ಲಿರುತ್ತದೆ ಅಂದೆನಲ್ಲ, ಅದನ್ನು ಹೆಕ್ಕಿ ತಿನ್ನುವುದು ಇದೇ ಕೋಳಿಗಳು. ಬೀಜ ಹಾಕುವ ಮೊದಲು ಪಾತಿ ಅಗೆದು, ಒಂದು ವಾರ ಕೋಳಿಗಳನ್ನು ಅಲ್ಲೇ ಬಿಡಿ. ಬೀಜ ಹಾಕಿದ ಮೇಲೆ 20–25 ದಿನ ಮುಳ್ಳು ಕೊಂಬೆ ಅಥವಾ ಹಳೇ ಬಲೆ ಸುತ್ತಿ. ಬಳ್ಳಿ ಚಪ್ಪರಕ್ಕೆ ಹತ್ತಿದ ಮೇಲೆ ಅದರ ಕೆಳಗೆ ಓಡಾಡಿಕೊಂಡಿರಲಿ. ಬೇಸಿಗೆಯಲ್ಲಿ ಅವಕ್ಕೂ ಆ ನೆರಳು ಬೇಕು. ಒಂದು ಮಣ್ಣಿನ ಬಾನಿಯಲ್ಲಿ ತಣ್ಣೀರನ್ನೂ ಅಲ್ಲೇ ಇಡಿ.